ಚುರುಮುರಿ ನೆನೆಯಿತು, ಲೆಕ್ಕ ತಪ್ಪಿರಲಿಲ್ಲ

ಕಾಲೇಜು ಫೆಸ್ಟಿಗೆ ನಾವು ಐದು ಜನ ಸೇರಿ ಚುರುಮುರಿ ಸ್ಟಾಲ್ ಹಾಕಿದ್ದೆವು. ಮೈಸೂರು, ಸೆಪ್ಟೆಂಬರ್ ತಿಂಗಳು. ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಏನು ಬೇಕಾದರೂ ಆಗಬಹುದು. ಸ್ಟಾಲ್ ಮೈದಾನದಲ್ಲಾ, ಕಾರಿಡಾರಿನಲ್ಲಾ ಅಂತ ಎರಡು ದಿನ ಜಗಳ. ಕೊನೆಗೆ ಆ ಸೆಮಿಸ್ಟರಿನಲ್ಲಿ ಡಿಸಿಷನ್ ಅನಾಲಿಸಿಸ್, ಅಂದರೆ ಲೆಕ್ಕ ಹಾಕಿ ತೀರ್ಮಾನ ಮಾಡೋ ವಿದ್ಯೆ, ಅನ್ನೋ ಇಲೆಕ್ಟಿವ್ ತಗೊಂಡಿದ್ದ ಗೆಳತಿ ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು ಒಂದು ಮರ ಬರೆದಳು.

ಅಡ್ಡ ಮಲಗಿದ ಮರ. ಕೊಂಬೆ ಒಡೆಯುವಲ್ಲಿ ಚೌಕ ಇದ್ದರೆ ಆಯ್ಕೆ ನಮ್ಮದು, ಸೊನ್ನೆ ಇದ್ದರೆ ಮಳೆಯದು. ಮೈದಾನದಲ್ಲಿ ಹಾಕಿ ಮಳೆ ಬರದಿದ್ದರೆ 12,000 ರೂಪಾಯಿ ಲಾಭ, ಬಂದರೆ 3,000 ಲುಕ್ಸಾನು. ಕಾರಿಡಾರಿನಲ್ಲಿ ಮಳೆ ಬರಲಿ ಬಿಡಲಿ 5,000. ಮಳೆಯ ಸಾಧ್ಯತೆ ನೂರಕ್ಕೆ 40 ಅಂದುಕೊಂಡೆವು. 12,000ದಲ್ಲಿ ಶೇಕಡ 60 ಅಂದರೆ 7,200. ಅದರಿಂದ 3,000ದ ಶೇಕಡ 40, ಅಂದರೆ 1,200 ಕಳೆದರೆ ಸರಾಸರಿ 6,000. ಮೈದಾನವೇ ಸಾವಿರ ಜಾಸ್ತಿ.

"ನಲವತ್ತು ಅಂತ ಯಾರು ಹೇಳಿದ್ದು?" ಅಂತ ಒಬ್ಬ ತಗಾದೆ ತೆಗೆದ. ನ್ಯಾಯವಾದ ಪ್ರಶ್ನೆಯೇ. ಅವಳು ವಾದಕ್ಕೆ ಇಳಿಯಲಿಲ್ಲ, ಲೆಕ್ಕವನ್ನೇ ತಿರುಗಿಸಿದಳು. ಸಾಧ್ಯತೆ ಎಷ್ಟಿದ್ದರೆ ಎರಡೂ ಜಾಗ ಸಮ? ಸುಮಾರು 47. ಅಂದಮೇಲೆ ಮೂವತ್ತಾ ನಲವತ್ತಾ ಅಂತ ಕಿತ್ತಾಡೋದು ಸುಮ್ನೆ, 47 ದಾಟುತ್ತಾ ಇಲ್ವಾ ಅನ್ನೋದಷ್ಟೇ ಮಾತು.

ಆಮೇಲೆ ಅವಳು ಕೇಳಿದ ಇನ್ನೊಂದು ಪ್ರಶ್ನೆ ನನಗೆ ಈಗಲೂ ಇಷ್ಟ. ಮಳೆ ಬರುತ್ತೋ ಇಲ್ವೋ ಅಂತ ತಪ್ಪದೆ ಹೇಳೋ ಪುಣ್ಯಾತ್ಮ ಸಿಕ್ಕಿದರೆ ಎಷ್ಟು ದುಡ್ಡು ಕೊಡಬಹುದು? ಅವನು ಇಲ್ಲ ಅಂದರೆ ಮೈದಾನ, ಇದೆ ಅಂದರೆ ಕಾರಿಡಾರ್. 12,000ದ ಶೇಕಡ 60, 5,000ದ ಶೇಕಡ 40 ಸೇರಿ ಸರಾಸರಿ 9,200. ಅವನಿಲ್ಲದೆ 6,000 ಇತ್ತಲ್ಲ, ಹಾಗಾಗಿ ಅವನ ಮಾತಿನ ಬೆಲೆ ಹೆಚ್ಚೆಂದರೆ 3,200. ಆಗಾಗ ತಪ್ಪುವ ಮೊಬೈಲಿನ ಹವಾಮಾನ ಆ್ಯಪ್‌ಗೆ ಇನ್ನೂ ಕಡಿಮೆ. ಏನೇ ಗೊತ್ತಾದರೂ ನಮ್ಮ ತೀರ್ಮಾನ ಬದಲಾಗಲ್ಲ ಅಂತಾದರೆ ಆ ಮಾಹಿತಿಯ ಬೆಲೆ ಸೊನ್ನೆ. ಪ್ರಾಜೆಕ್ಟಿಗೆ ಇನ್ನೊಂದು ಸರ್ವೆ, ಮತ್ತೊಂದು ಸರ್ವೆ ಅಂತ ಸೆಮಿಸ್ಟರ್ ಕಳೆಯೋರು ಇದನ್ನ ಮೊದಲ ವಾರವೇ ಕಲಿಯಬೇಕು.

ಈ ವಿದ್ಯೆಗೆ ಡಿಸಿಷನ್ ಅನಾಲಿಸಿಸ್ ಅಂತ 1966ರಲ್ಲಿ ಹೆಸರಿಟ್ಟವರು ಸ್ಟ್ಯಾನ್‌ಫರ್ಡ್‌ನ ರೊನಾಲ್ಡ್ ಹೊವಾರ್ಡ್. ಬೇರು ಇನ್ನೂ ಹಳೆಯದು. ಒಂದೇ ಮೊತ್ತ ಬಡವನಿಗೆ ಬೇರೆ, ಶ್ರೀಮಂತನಿಗೆ ಬೇರೆ ಅನ್ನೋದನ್ನ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲೇ ಗಣಿತಕ್ಕೆ ಇಳಿಸಿದ್ದ. ನಮ್ಮಲ್ಲೂ ಮೆಸ್ ಬಿಲ್ ಬಾಕಿ ಇದ್ದವನೊಬ್ಬ ಕೊನೆಯವರೆಗೂ ಕಾರಿಡಾರ್ ಅಂತಲೇ ಇದ್ದ. ಅವನ ಲೆಕ್ಕದಲ್ಲಿ ಅವನೂ ಸರಿಯೇ.

ಸಂಜೆ ಐದೂವರೆಗೆ ಮಳೆ ಹುಯ್ಯಿತು. ಮಂಡಕ್ಕಿ ಮುದ್ದೆಯಾಯಿತು. "ನಾನು ಮೊದಲೇ ಹೇಳಿರಲಿಲ್ವಾ" ಅಂತ ಎಲ್ಲರೂ ಅವಳ ಮೇಲೆ ಬಿದ್ದರು, ನಾನೂ ಸೇರಿ. ಆದರೆ ನೂರಕ್ಕೆ 40 ಸಲ ಬರುತ್ತೆ ಅಂದಿದ್ದ ಮಳೆ ಬಂದರೆ ಲೆಕ್ಕ ತಪ್ಪು ಹೇಗಾಗುತ್ತೆ? ಕುಡಿದು ಗಾಡಿ ಓಡಿಸಿದವನು ಸುಖವಾಗಿ ಮನೆ ಸೇರಿದ ಅಂತ ಅವನು ಮಾಡಿದ್ದು ಸರಿ ಅಂತೀವಾ?

ಹೊವಾರ್ಡ್ ಮತ್ತು ಇಬ್ಬರು ಜೊತೆಗಾರರು 1972ರಲ್ಲಿ ಇಂಥದ್ದೇ ಪೇಚನ್ನು ದೊಡ್ಡದಾಗಿ ಎದುರಿಸಿದರು. ಅಮೆರಿಕದ ಕರಾವಳಿಯತ್ತ ಬರುವ ಚಂಡಮಾರುತಕ್ಕೆ ಮೋಡ ಬಿತ್ತನೆಗೆ ಬಳಸೋ ಸಿಲ್ವರ್ ಅಯೋಡೈಡ್ ಉದುರಿಸಿ ಗಾಳಿಯ ಬಿರುಸು ತಗ್ಗಿಸೋದಾ ಬೇಡವಾ ಅನ್ನೋ ಪ್ರಶ್ನೆ. ಉದುರಿಸಿದ ಮೇಲೆ ಗಾಳಿ ತಾನಾಗೇ ಜೋರಾದರೂ ಜನ ಸರ್ಕಾರವನ್ನೇ ಬೈಯ್ತಾರೆ. ಆ ಹೊಣೆಯನ್ನೂ ಒಂದು ಖರ್ಚು ಅಂತ ಅವರು ಲೆಕ್ಕಕ್ಕೆ ಹಿಡಿದರು.

ನಮಗೆ ತಲಾ 600 ರೂಪಾಯಿ ಹೋಯಿತು. ಮರುವರ್ಷ ಮತ್ತೆ ಹಾಳೆ ಹರಿದು ಮರ ಬರೆಯುವಾಗ ಮೆಸ್ ಬಿಲ್ಲಿನವನೇ ಮೂರನೇ ಕೊಂಬೆ ಎಳೆದ: ಮೈದಾನದಲ್ಲೇ, ಬಾಡಿಗೆ ಟಾರ್ಪಾಲು ಕಟ್ಟಿ. ಮೊದಲ ವರ್ಷ ಅದು ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.