ಪದ ಪರಿಚಯ: ತಿಳಿದು ಕೊಟ್ಟ ಒಪ್ಪಿಗೆ

ಆಪರೇಷನ್‌ಗೆ ಕರೆದೊಯ್ಯುವ ಮೊದಲು ನರ್ಸ್ ಒಂದು ಪ್ಯಾಡ್ ಹಿಡಿದು ಬರುತ್ತಾರೆ. ನಾಲ್ಕೈದು ಹಾಳೆ, ಎಲ್ಲಾ ಇಂಗ್ಲಿಷ್. ‘ಇಲ್ಲೊಂದು ಸೈನ್ ಹಾಕಿ ಅಮ್ಮ, ಇಲ್ಲೊಂದು, ಹಿಂದೆ ಇನ್ನೊಂದು.’ ನಮ್ಮಮ್ಮನ ಗರ್ಭಕೋಶದ ಆಪರೇಷನ್ ದಿನ ಅವರ ಕೈಗೆ ಪೆನ್ನು ಕೊಟ್ಟವನು ನಾನೇ. ಅಮ್ಮ ಓದಲಿಲ್ಲ, ನಾನೂ ಓದಲಿಲ್ಲ. ತೆಗೆದ ಭಾಗವನ್ನು ಸಂಶೋಧನೆಗೆ ಬಳಸಬಹುದು ಎಂಬ ಒಂದು ಸಾಲು ಅದರಲ್ಲಿತ್ತು. ಅದು ಗೊತ್ತಾಗಿದ್ದು ವಾರದ ನಂತರ, ಇನ್ಶೂರೆನ್ಸ್‌ಗೆಂದು ಜೆರಾಕ್ಸ್ ಮಾಡಿಸುವಾಗ.

ಸಹಿ ಇದ್ದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಕಾನೂನು ಕೇಳುವುದು ‘ಇನ್ಫಾರ್ಮ್ಡ್ ಕನ್ಸೆಂಟ್’. ಕನ್ನಡದಲ್ಲಿ ‘ಮಾಹಿತಿಪೂರ್ಣ ಸಮ್ಮತಿ’ ಅನ್ನುವುದುಂಟು. ನನಗೆ ‘ತಿಳಿದು ಕೊಟ್ಟ ಒಪ್ಪಿಗೆ’ ಜಾಸ್ತಿ ಇಷ್ಟ. ಆ ಮಾತಿನಲ್ಲೇ ಕ್ರಮ ಇದೆ: ಮೊದಲು ತಿಳಿಯಬೇಕು, ಆಮೇಲೆ ಕೊಡಬೇಕು. ಏನು ಮಾಡುತ್ತಾರೆ, ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯಾ, ಇಷ್ಟೂ ಗೊತ್ತಿರಬೇಕು. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನೇ ಹೇಳಿತು. ಜೀವಕ್ಕೆ ಅಪಾಯ ಇರಲಿಲ್ಲ. ಆಕೆಗೆ ಎಚ್ಚರ ಆದ ಮೇಲೆ ಆಕೆಯನ್ನೇ ಕೇಳಬಹುದಿತ್ತು, ಅಲ್ವಾ?

ಸರಿ, ಒಪ್ಪಿ ತೆಗೆಸಿಕೊಂಡದ್ದಾಯಿತು. ತೆಗೆದದ್ದು ಆಮೇಲೆ ಯಾರದ್ದು? ಇಲ್ಲಿ ಒಪ್ಪಿಗೆಯ ಪಕ್ಕಕ್ಕೆ ಇನ್ನೊಂದು ಪದ ಬಂದು ನಿಲ್ಲುತ್ತದೆ: ಒಡೆತನ. ಇವೆರಡೂ ಒಂದೇ ಅಲ್ಲ ಎಂದು ಜಗತ್ತಿಗೆ ಕಲಿಸಿದ್ದು ಅಮೆರಿಕದ ಜಾನ್ ಮೂರ್ ಎಂಬವರ ಪ್ರಕರಣ.

ಮೂರ್ ಅಲಾಸ್ಕಾದ ತೈಲ ಪೈಪ್‌ಲೈನ್‌ನಲ್ಲಿ ಸರ್ವೇಯರ್ ಆಗಿದ್ದವರು. 1976ರಲ್ಲಿ ಅವರಿಗೆ ಅಪರೂಪದ ರಕ್ತ ಕ್ಯಾನ್ಸರ್ ಎಂದು ಗೊತ್ತಾಯಿತು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವರ ಗುಲ್ಮವನ್ನು (ಸ್ಪ್ಲೀನ್) ತೆಗೆದರು. ಚಿಕಿತ್ಸೆಗೆ ಅದು ಬೇಕಿತ್ತು, ಮೂರ್ ಚೇತರಿಸಿಕೊಂಡರು. ಆದರೆ ಆಮೇಲೂ ಏಳು ವರ್ಷ ಸಿಯಾಟಲ್‌ನಿಂದ ಅಲ್ಲಿಗೆ ಕರೆಸಿ ರಕ್ತ, ಅಸ್ಥಿಮಜ್ಜೆ, ಚರ್ಮ, ವೀರ್ಯದ ಮಾದರಿ ತೆಗೆದುಕೊಳ್ಳುತ್ತಿದ್ದರು. ಆರೋಗ್ಯ ನೋಡಿಕೊಳ್ಳಲಿಕ್ಕೆ ಎಂದೇ ಮೂರ್ ನಂಬಿದ್ದರು. 1983ರಲ್ಲಿ ಒಂದು ಫಾರಂ ಕೊಟ್ಟರು. ನನ್ನ ರಕ್ತ, ಮಜ್ಜೆಯಿಂದ ಬೆಳೆಸಿದ ಯಾವುದೇ ಕೋಶವಂಶದ (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಜೀವಕೋಶಗಳ ಸಾಲು) ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ‘ಕೊಡುತ್ತೇನೆ’ ಅಥವಾ ‘ಕೊಡುವುದಿಲ್ಲ’, ಎರಡರಲ್ಲಿ ಒಂದಕ್ಕೆ ಸುತ್ತು ಹಾಕಬೇಕು. ಮೊದಲ ಸಲ ‘ಕೊಡುತ್ತೇನೆ’ಗೆ ಹಾಕಿದರು. ಇನ್ನೊಂದು ಸಲ ಯಾಕೋ ಅನುಮಾನ ಬಂದು ‘ಕೊಡುವುದಿಲ್ಲ’ಕ್ಕೆ ಹಾಕಿದರು. ತಪ್ಪಾಗಿ ಗುರುತು ಹಾಕಿದ್ದೀರಿ ಎಂದು ಡಾಕ್ಟರ ಕಡೆಯಿಂದ ಫೋನು ಬಂತು. ಆಗ ಅವರು ಫಾರಂ ಹಿಡಿದು ವಕೀಲರ ಹತ್ತಿರ ಹೋದರು. ಅವರ ಜೀವಕೋಶಗಳಿಂದ ‘ಮೊ’ ಎಂಬ ಕೋಶವಂಶ ಆಗಲೇ ಬೆಳೆದಿತ್ತು. 1984ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು.

1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಡಾಕ್ಟರಿಗೆ ಸಂಶೋಧನೆಯಲ್ಲಾಗಲಿ ಹಣದಲ್ಲಾಗಲಿ ಸ್ವಂತ ಹಿತ ಇದ್ದರೆ ಅದನ್ನು ರೋಗಿಗೆ ಮೊದಲೇ ಹೇಳಬೇಕು. ಹೇಳದಿದ್ದರೆ ಆ ಒಪ್ಪಿಗೆ ಒಪ್ಪಿಗೆಯಲ್ಲ, ಇದರ ಮೇಲೆ ಮೂರ್ ದಾವೆ ನಡೆಸಬಹುದು. ಆದರೆ ಕೋಶಗಳು ನನ್ನ ಆಸ್ತಿ, ಅದನ್ನು ಕಿತ್ತುಕೊಂಡರು ಎಂಬ ವಾದ ನಿಲ್ಲುವುದಿಲ್ಲ. ಹಾಗೆ ಒಪ್ಪಿದರೆ ಮಾದರಿ ಮುಟ್ಟಿದ ಪ್ರತಿ ಸಂಶೋಧಕನೂ ಕೋರ್ಟ್‌ಗೆ ಅಲೆಯಬೇಕಾದೀತು ಎಂಬ ಭಯ ಅದಕ್ಕಿತ್ತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಮಾಸ್ಕ್ ಇದನ್ನು ಒಪ್ಪಲಿಲ್ಲ. ಆ ಕೋಶಗಳಿಂದ ಬೇರೆಯವರು ಲಾಭ ಮಾಡಬಹುದಾದರೆ ಅವು ಯಾರ ಮೈಯಿಂದ ಬಂದವೋ ಅವರಿಗೆ ಮಾತ್ರ ಯಾಕೆ ಇಲ್ಲ ಎನ್ನುವುದು ಅವರ ವಾದ. ನನಗೆ ಅವರ ಮಾತೇ ನ್ಯಾಯ ಅನ್ನಿಸುತ್ತದೆ.

ದುಡ್ಡಿನ ಮಾತನ್ನು ಬಿಟ್ಟರೂ ನೋವು ಹೋಗುವುದಿಲ್ಲ. ಅರಿಜೋನಾದ ಹವಸುಪಾಯಿ ಬುಡಕಟ್ಟಿನ ಜನ ತಮ್ಮಲ್ಲಿ ಸಕ್ಕರೆ ಕಾಯಿಲೆ ಯಾಕೆ ಜಾಸ್ತಿ ಎಂದು ತಿಳಿಯುವ ಆಸೆಯಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಅವರ ಪೂರ್ವಜರ ವಲಸೆ ಮುಂತಾದ ಅಧ್ಯಯನಗಳಿಗೂ ಬಳಸಿದರು. ತಾವು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲೇ ಹುಟ್ಟಿದವರು ಎಂದು ನಂಬಿದ ಜನ ಅವರು. 2010ರಲ್ಲಿ ವಿಶ್ವವಿದ್ಯಾಲಯ ರಾಜಿಗೆ ಬಂದು 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಕೊಟ್ಟಿತು. ಉಳಿದ ರಕ್ತದ ಮಾದರಿಗಳನ್ನೂ ಹಿಂದಿರುಗಿಸಿತು.

ಫಾರಂನ ಆ ಸಾಲನ್ನು ನಾನು ಅಮ್ಮನಿಗೆ ಓದಿ ಹೇಳಿದಾಗ ಅವರು ಅಂದದ್ದು ಇಷ್ಟೇ: ‘ಕೇಳಿದ್ರೆ ನಾನೇನು ಬೇಡ ಅಂತಿದ್ನಾ?’

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಮೂರ್ ತೀರ್ಪಿಗಿಂತ ಒಂದು ಹೆಜ್ಜೆ ಮುಂದಿದೆ. ಸಂಶೋಧನೆಗೆ ಕೊಟ್ಟ ಮಾದರಿಯ ಒಡೆಯರು ಕೊಟ್ಟವರೇ, ಸಂಸ್ಥೆ ಅದನ್ನು ಜೋಪಾನ ಮಾಡುವ ಪಾಲಕ ಮಾತ್ರ ಎನ್ನುತ್ತದೆ ಅದು. ತೆಗೆದದ್ದನ್ನು ಹೋಗಿ ಇಸಿದುಕೊಳ್ಳುವುದು ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಹೊಸದೇನಲ್ಲ. ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಲು ಹೋದರೆ ‘ಸ್ಲೈಡು, ಬ್ಲಾಕು ತನ್ನಿ’ ಅನ್ನುತ್ತಾರೆ. ಬ್ಲಾಕ್ ಅಂದರೆ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿದ ಸಣ್ಣ ಬಿಲ್ಲೆ. ಮೊದಲ ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಜಿ ಕೊಟ್ಟು, ಸಣ್ಣ ಕವರಿನಲ್ಲಿ ಅದನ್ನು ಇಸಿದುಕೊಂಡು ಬಸ್ಸಿನಲ್ಲಿ ಹಿಡಿದು ಕೂರುತ್ತಾರೆ.

ಸಂಶೋಧನೆಗೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಮಾದರಿಯಿಂದ ಹೆಸರು, ನಂಬರು ಎಲ್ಲಾ ತೆಗೆದುಬಿಟ್ಟಿದ್ದರೆ ಸಾವಿರ ಬಾಟಲಿಗಳಲ್ಲಿ ನಿಮ್ಮದು ಯಾವುದು ಎಂದು ಯಾರೂ ಹುಡುಕಿ ಕೊಡಲಾರರು. ಹಾಗಾಗಿ ಸೈನ್ ಹಾಕುವ ಮೊದಲೇ ಕೇಳಿ: ಇದರ ಮೇಲೆ ನನ್ನ ಗುರುತು ಎಲ್ಲಿಯವರೆಗೆ ಇರುತ್ತದೆ?