ಓಡಿದರೆ ಮೈ ಕರಗೀತು: ಒಂದು ಭಯದ ಹಿಂದಿನ ಕಥೆ

ಜಿಮ್‌ನ ಒಂದು ತುದಿಯಲ್ಲಿ ಟ್ರೆಡ್‌ಮಿಲ್‌ಗಳ ಸಾಲು, ಇನ್ನೊಂದು ತುದಿಯಲ್ಲಿ ಕಬ್ಬಿಣದ ರಾಶಿ. ನಡುವೆ ಗೋಡೆಯಿಲ್ಲದಿದ್ದರೂ ಆಚೆಯವರು ಈಚೆ ಬರುವುದು ಅಪರೂಪ. ಮೈ ಬೆಳೆಸಲು ಹೊರಟ ಹುಡುಗ ಅಪ್ಪಿತಪ್ಪಿ ಟ್ರೆಡ್‌ಮಿಲ್ ಹತ್ತಿದರೆ ಪಕ್ಕದಲ್ಲಿರುವ ಯಾರಾದರೂ ಎಚ್ಚರಿಸುತ್ತಾರೆ: ‘ಹತ್ತು ನಿಮಿಷ ಸಾಕು, ಬೆಳೆಸಿದ್ದೆಲ್ಲ ಕರಗಿಹೋದೀತು.’ ಎರಡು ವರ್ಷ ನಾನೂ ಈ ಮಾತನ್ನು ಕಣ್ಣಿಗೊತ್ತಿಕೊಂಡು ನಡೆದೆ. ತೊಡೆಯೇನೋ ದಪ್ಪವಾಯಿತು. ಆದರೆ ಪರಿಚಿತರೊಬ್ಬರ ಮೂರನೆಯ ಮಹಡಿಯ ಮನೆಗೆ ಮೆಟ್ಟಿಲು ಹತ್ತಿ ಹೋದ ದಿನ, ಬಾಗಿಲು ತೆರೆದವರು ಮೊದಲು ನೀರು ಕೊಟ್ಟು ಆಮೇಲೆ ಮಾತನಾಡಿಸಿದರು.

ಈ ಎಚ್ಚರಿಕೆಯ ಮೂಲ ಹುಡುಕುತ್ತಾ ಹೋದರೆ ಮೊದಲು ಎದುರಾಗುವುದು ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆ. 20ನೆಯ ಶತಮಾನದ ಮೊದಲರ್ಧದಲ್ಲಿ ತರಬೇತುದಾರರು ಹೆದರುತ್ತಿದ್ದದ್ದು ಓಟಕ್ಕಲ್ಲ, ಕಬ್ಬಿಣಕ್ಕೆ. ಭಾರ ಎತ್ತಿದವನ ಸ್ನಾಯು ಗಂಟುಗಟ್ಟುತ್ತದೆ, ಕೈಕಾಲು ಮಂದವಾಗುತ್ತದೆ ಎಂದು ಓಟಗಾರರನ್ನೂ ಈಜುಗಾರರನ್ನೂ ಅದರ ಹತ್ತಿರ ಬಿಡುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳನ್ನು ಹಂತ ಹಂತವಾಗಿ ಭಾರ ಹೆಚ್ಚಿಸುವ ವ್ಯಾಯಾಮದಿಂದ ಚೇತರಿಸಿ ತೋರಿಸಿದರು. 1951ರಲ್ಲಿ ಪೀಟರ್ ಕಾರ್ಪೊವಿಚ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪರೀಕ್ಷೆ ಇನ್ನೂ ಸರಳ: 300 ಮಂದಿ ಭಾರ ಎತ್ತುವವರು, 300 ಮಂದಿ ಎತ್ತದವರು, ಎಲ್ಲರಿಗೂ ಒಂದೇ ಕೆಲಸ, ತೋಳನ್ನು ಚಕ್ರದಂತೆ ತಿರುಗಿಸುವುದು. ಬೇಗ ತಿರುಗಿಸಿದವರು ಭಾರ ಎತ್ತುವವರೇ. ಹಳೆಯ ಭಯದ ಬುಡ ಅಲ್ಲಿಗೆ ಸಡಿಲವಾಯಿತು.

ಆಮೇಲೆ ಬಂದದ್ದು ಓಟದ ಕಾಲ. 1967ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಹಾಲೊಝಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಎರಡು ಪಟ್ಟಾಗುವುದನ್ನು ತೋರಿಸಿದರು. ಮರುವರ್ಷ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ‘ಏರೋಬಿಕ್ಸ್’ ಎಂಬ ಪದವನ್ನು ಮನೆಮಾತಾಗಿಸಿದರು. ಓಡುವವರ ದಂಡು ಬೆಳೆಯಿತು, ಕಬ್ಬಿಣ ಎತ್ತುವವರ ದಂಡೂ ಬೆಳೆಯಿತು. ಎರಡನ್ನೂ ಒಂದೇ ದೇಹಕ್ಕೆ ಉಣಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಎತ್ತಿದವರು ಹಾಲೊಝಿಯವರ ಪ್ರಯೋಗಾಲಯಕ್ಕೇ ಬಂದು ಸೇರಿದ ಒಬ್ಬ ಯುವ ಸಂಶೋಧಕ.

ಅವರ ಹೆಸರು ರಾಬರ್ಟ್ ಹಿಕ್ಸನ್. ಭಾರ ಎತ್ತುವುದರಲ್ಲಿ ಪಳಗಿದವರು, ಕಟ್ಟುಮಸ್ತಾದ ಆಳು. ಈ ಕ್ಷೇತ್ರದವರು ಇಂದಿಗೂ ಹೇಳಿಕೊಳ್ಳುವ ಕಥೆ ಹೀಗಿದೆ: ಹಾಲೊಝಿಯವರಿಗೆ ದಿನವೂ ಮಧ್ಯಾಹ್ನ ಓಡುವ ಅಭ್ಯಾಸವಿತ್ತು. ಗುರುಗಳ ಮೆಚ್ಚುಗೆಗೋ ಮಾತಿಗೆ ಸಮಯ ಸಿಗಲೆಂದೋ ಹಿಕ್ಸನ್ ಅವರೂ ಜೊತೆಗೆ ಓಡತೊಡಗಿದರು. ಭಾರ ಎತ್ತುವುದನ್ನು ಬಿಡಲಿಲ್ಲ, ಆದರೂ ಬೆಳೆಸಿದ ಮೈ ಇಳಿಯತೊಡಗಿತು. ಗುರುಗಳ ಬಳಿ ಹೇಳಿಕೊಂಡಾಗ, ನಿನ್ನದೇ ಪ್ರಯೋಗಾಲಯ ಆದಾಗ ಮೊದಲು ಇದನ್ನೇ ಪರೀಕ್ಷಿಸು ಎಂಬ ಉತ್ತರ ಬಂತಂತೆ.

ಹಿಕ್ಸನ್ ಷಿಕಾಗೊಗೆ ಹೋದ ಮೇಲೆ ಅದನ್ನೇ ಮಾಡಿದರು. 1980ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಜಿಮ್‌ಗಳಲ್ಲಿ ಓಡಾಡುವ ಭಯಕ್ಕೆ ಇದೇ ತವರು. ಮೂರು ಗುಂಪುಗಳು, ಒಟ್ಟು 23 ಜನ, 10 ವಾರ. ಮೊದಲ ಗುಂಪಿಗೆ ವಾರಕ್ಕೆ ಐದು ದಿನ ಕಾಲಿನ ವ್ಯಾಯಾಮ, ಸ್ಕ್ವಾಟ್ ಮುಂತಾದವು, ಎತ್ತಲು ಸಾಧ್ಯವಾದಷ್ಟೂ ಭಾರ. ಎರಡನೆಯ ಗುಂಪಿಗೆ ವಾರಕ್ಕೆ ಆರು ದಿನ ದಮ್ಮಿನ ತರಬೇತಿ: ಮೂರು ದಿನ ಸೈಕಲ್ ಮೇಲೆ ಐದೈದು ನಿಮಿಷದ ಆರು ಸುತ್ತು, ಪ್ರತಿ ಸುತ್ತೂ ಹೆಚ್ಚುಕಡಿಮೆ ಉಸಿರಿನ ಕಟ್ಟಕಡೆಯ ಮಿತಿಯಲ್ಲಿ, ಉಳಿದ ಮೂರು ದಿನ 40 ನಿಮಿಷದವರೆಗೆ ಸಾಧ್ಯವಾದಷ್ಟೂ ವೇಗದ ಓಟ. ಮೂರನೆಯ ಗುಂಪಿನ ಬಡಪಾಯಿಗಳಿಗೆ ಎರಡೂ. ಅಂದರೆ ವಾರಕ್ಕೆ 11 ಸಲ, ಅದೇ ಎರಡು ಕಾಲುಗಳಿಗೆ, ಕೈಲಾದಷ್ಟು ಶಕ್ತಿ ಹಾಕಿ.

ಬರೀ ಭಾರ ಎತ್ತಿದವರ ಬಲ 10 ವಾರಗಳಲ್ಲಿ ಶೇ 44ರಷ್ಟು ಏರಿತು. ಎರಡೂ ಮಾಡಿದವರ ಬಲ ಆರೇಳು ವಾರ ಅವರ ಸರಿಸಮಕ್ಕೇ ಏರಿ, ನಿಂತು, ಕೊನೆಯ ಎರಡು ವಾರಗಳಲ್ಲಿ ಇಳಿಯತೊಡಗಿ ಶೇ 25ರ ಬಳಿ ಬಂದು ತಲುಪಿತು. ದಮ್ಮು ಮಾತ್ರ ಬರೀ ಓಡಿದವರಷ್ಟೇ ಬೆಳೆಯಿತು. ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುವುದು ಬಲದ ಕಾಲು ಎಂಬ ಸುದ್ದಿ ಹೊರಬಿದ್ದದ್ದು ಹೀಗೆ.

ಸುದ್ದಿ ಸುಳ್ಳಲ್ಲ. ಆದರೆ ಬಾಯಿಂದ ಬಾಯಿಗೆ ಸಾಗುವಾಗ ಮೂರು ಸಂಗತಿಗಳು ದಾರಿಯಲ್ಲೇ ಉದುರಿಹೋದವು. ಅಲ್ಲಿ ಮುಖ್ಯವಾಗಿ ಅಳೆದದ್ದು ಬಲವನ್ನು, ಸ್ನಾಯುವಿನ ಗಾತ್ರವನ್ನಲ್ಲ. ಎರಡೂ ಮಾಡಿದವರ ಬಲ ಆರಂಭಕ್ಕಿಂತ ಕೆಳಗೆ ಇಳಿಯಲಿಲ್ಲ, ಕಾಲು ಭಾಗದಷ್ಟು ಏರಿಯೇ ಇತ್ತು. ಇನ್ನು ಆ 11 ಸಲದ ವಾರ! ಸಂಜೆ ಇಪ್ಪತ್ತು ನಿಮಿಷ ಬಿರುಸಾಗಿ ನಡೆಯುವವರಿಗೆ ಈ ಪ್ರಯೋಗ ತೋರಿಸಿ ಹೆದರಿಸುವುದು, ಪ್ರವಾಹದ ಚಿತ್ರ ತೋರಿಸಿ ಒಂದು ಲೋಟ ನೀರು ಕುಡಿಯಬೇಡ ಎಂದಂತೆ.

2000ದ ಆಚೀಚೆ ಭಯಕ್ಕೆ ಅಣುಮಟ್ಟದ ಬೆಂಬಲವೂ ಸಿಕ್ಕಿತು. 1964ರಲ್ಲಿ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಒಂದು ವೈಜ್ಞಾನಿಕ ತಂಡ ಮಣ್ಣಿನ ಮಾದರಿಗಳನ್ನು ತಂದಿತ್ತು. ಆ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಸಿಕ್ಕ ರಾಸಾಯನಿಕಕ್ಕೆ ದ್ವೀಪದ ಸ್ಥಳೀಯ ಹೆಸರಾದ ರಾಪಾ ನೂಯಿಯಿಂದಲೇ ರಾಪಾಮೈಸಿನ್ ಎಂದು ಹೆಸರಿಟ್ಟರು. ಜೀವಕೋಶದಲ್ಲಿ ಅದು ಹೋಗಿ ಅಡ್ಡಗಟ್ಟುವ ಪ್ರೋಟೀನಿಗೆ ಎಂಟಾರ್ ಎಂದು ಹೆಸರಾಯಿತು. ಭಾರ ಎತ್ತಿದಾಗ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಮೇಸ್ತ್ರಿ ಇದೇ; 2001ರಲ್ಲಿ ಇಲಿಗಳಿಗೆ ರಾಪಾಮೈಸಿನ್ ಕೊಟ್ಟು ಮೇಸ್ತ್ರಿಯ ಬಾಯಿ ಮುಚ್ಚಿಸಿದಾಗ ಸ್ನಾಯುವಿನ ಬೆಳವಣಿಗೆಗೇ ತಡೆ ಬಿತ್ತು. ಇನ್ನೊಂದು ಕಡೆ ಎಎಂಪಿಕೆ ಎಂಬ ಕಿಣ್ವವಿದೆ. ಕೋಶದಲ್ಲಿ ಇಂಧನ ಕಡಿಮೆಯಾದಾಗ ಎಚ್ಚೆತ್ತು, ಖರ್ಚು ನಿಲ್ಲಿಸು ಎಂದು ಎಂಟಾರ್‌ಗೆ ಲಗಾಮು ಹಾಕುವ ಲೆಕ್ಕಿಗ. 2005ರಲ್ಲಿ ಸಂಶೋಧಕರು ಇಲಿಯ ಸ್ನಾಯುವನ್ನು ದೇಹದಿಂದ ಬೇರ್ಪಡಿಸಿ, ಅದಕ್ಕೆ ಎರಡು ಬಗೆಯ ವಿದ್ಯುತ್ ಪ್ರಚೋದನೆ ಕೊಟ್ಟರು: ಓಟವನ್ನು ಹೋಲುವ ದೀರ್ಘ, ಮಂದ ಪ್ರಚೋದನೆ, ಭಾರ ಎತ್ತುವುದನ್ನು ಹೋಲುವ ಚಿಕ್ಕ, ತೀವ್ರ ಪ್ರಚೋದನೆ. ಮೊದಲನೆಯದಕ್ಕೆ ಲೆಕ್ಕಿಗ ಎಚ್ಚೆತ್ತ, ಎರಡನೆಯದಕ್ಕೆ ಮೇಸ್ತ್ರಿ. ಒಂದು ಒತ್ತಿದರೆ ಇನ್ನೊಂದು ಆರುವ ಸ್ವಿಚ್‌ನಂತಿದೆ ಎಂದು ಅವರು ಬರೆದರು. ಸ್ವಿಚ್ ಎಂಬ ಹೋಲಿಕೆ ಎಷ್ಟು ಅಚ್ಚುಕಟ್ಟೆಂದರೆ, ಅದು ಗಾಜಿನ ಪಾತ್ರೆಯಲ್ಲಿಟ್ಟ ಇಲಿಯ ಸ್ನಾಯುವಿನ ಮಾತು ಎಂಬುದೇ ಓದಿದವರಿಗೆ ಮರೆತುಹೋಯಿತು.

ಇಡೀ ಮನುಷ್ಯರ ಮೇಲೆ ನೋಡಿದಾಗ ಚಿತ್ರ ಬೇರೆಯೇ ಆಯಿತು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಸ್ವೀಡನ್‌ನ ಟಾಮಿ ಲುಂಡ್‌ಬರ್ಗ್ ಮತ್ತು ಸಂಗಡಿಗರ 2013ರ ಪ್ರಯೋಗ. ಅವರು ಜನರನ್ನು ಎರಡು ಗುಂಪು ಮಾಡುವ ಬದಲು ಒಬ್ಬೊಬ್ಬರ ಎರಡು ಕಾಲುಗಳನ್ನೇ ಎರಡು ಗುಂಪು ಮಾಡಿದರು. ಒಂದು ಕಾಲಿಗೆ ಬರೀ ಬಲದ ವ್ಯಾಯಾಮ. ಇನ್ನೊಂದಕ್ಕೆ ಅದೂ ಬೇಕು, ಜೊತೆಗೆ ಒಂಟಿ ಕಾಲಿನಲ್ಲೇ ಸುಮಾರು 45 ನಿಮಿಷ ಸೈಕಲ್ ತುಳಿತವೂ ಬೇಕು. ಊಟ ಒಂದೇ, ನಿದ್ದೆ ಒಂದೇ, ಅಪ್ಪ ಅಮ್ಮನಿಂದ ಬಂದದ್ದೂ ಒಂದೇ. ಐದು ವಾರಗಳ ನಂತರ ಬಲವಷ್ಟೇ ಮಾಡಿದ ಕಾಲಿನ ತೊಡೆ ಸ್ನಾಯು ಶೇ 8ರಷ್ಟು ಬೆಳೆದಿತ್ತು, ಎರಡನ್ನೂ ಮಾಡಿದ ಕಾಲಿನದು ಶೇ 14ರಷ್ಟು. ಐದು ವಾರ ಚಿಕ್ಕ ಅವಧಿ ಎಂಬುದು ನಿಜ. ಆದರೂ ಕರಗಬೇಕಿದ್ದ ಕಾಲೇ ಹೆಚ್ಚು ದಪ್ಪಗಾಗಿತ್ತು!

ದೊಡ್ಡ ಲೆಕ್ಕಾಚಾರಗಳೂ ಬಂದಿವೆ. 2012ರಲ್ಲಿ 21 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಅಡ್ಡಿ ಕಾಣಿಸಿದ್ದು ಕಾಲುಗಳಲ್ಲಿ, ಅದೂ ಓಟದಿಂದ, ಸೈಕಲ್‌ನಿಂದ ಅಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನೆಲದ ಪೆಟ್ಟನ್ನು ಸ್ನಾಯು ತಡೆದುಕೊಳ್ಳಬೇಕು, ಪೆಡಲ್ ತುಳಿಯುವಾಗ ಆ ಪೆಟ್ಟಿಲ್ಲ. ಇದೇ ಕಾರಣವಿರಬೇಕು ಎಂಬ ವಿವರಣೆ ನನಗೂ ಒಪ್ಪುತ್ತದೆ. 2022ರಲ್ಲಿ ಮೋರಿಟ್ಸ್ ಶೂಮನ್ ಮತ್ತಿತರರು 43 ಅಧ್ಯಯನಗಳನ್ನು ಕೂಡಿಸಿ ನೋಡಿ, ಕಾರ್ಡಿಯೋ, ಅಂದರೆ ದಮ್ಮಿನ ತರಬೇತಿ, ಸೇರಿಸಿದರೂ ಸ್ನಾಯುವಿನ ಗಾತ್ರಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಕುಂದಿಲ್ಲ ಎಂದರು. ಕುಂದು ಇದ್ದದ್ದು ಸ್ಫೋಟಕ ಬಲದಲ್ಲಿ, ಅಂದರೆ ನೆಗೆತ, ಜಿಗಿತಗಳಿಗೆ ಬೇಕಾದ ಥಟ್ಟನೆಯ ಶಕ್ತಿಯಲ್ಲಿ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ ಅದು ಎದ್ದು ಕಾಣುತ್ತದೆ. ಅದೇ ವರ್ಷ ಲುಂಡ್‌ಬರ್ಗ್ ತಂಡ ಸ್ನಾಯುವಿನ ಎಳೆಗಳನ್ನೇ ಅಳೆದ ಅಧ್ಯಯನಗಳನ್ನು ಜೋಡಿಸಿದಾಗ ಸಣ್ಣದೊಂದು ಅಡ್ಡಿ ಮತ್ತೆ ಇಣುಕಿತು, ಮತ್ತೆ ಓಟದ ಕಡೆಗೇ ಬೆರಳು ತೋರಿಸಿತು. ಭಯಕ್ಕೆ ಇಷ್ಟು ಪಾಲು ಸಲ್ಲಬೇಕು.

ಹಾಗಾದರೆ ಓಡಿ ಸೊರಗಿದವರು ಕಣ್ಣೆದುರೇ ಇದ್ದಾರಲ್ಲ ಎಂದರೆ, ಎಂಟಾರ್‌ಗಿಂತ ಮೊದಲು ಅವರ ತಟ್ಟೆಯನ್ನು ನೋಡಬೇಕು. ಒಂದು ಕಿಲೋಮೀಟರ್ ಓಟಕ್ಕೆ ದೇಹತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 70 ಕಿಲೋ ತೂಗುವವರು 5 ಕಿಲೋಮೀಟರ್ ಓಡಿದರೆ 350. ಅದನ್ನು ಊಟದಲ್ಲಿ ತುಂಬಿಕೊಳ್ಳದೆ ದಿನವೂ ಓಡಿದರೆ ಕೊರತೆ ಪೇರುತ್ತಾ ಹೋಗುತ್ತದೆ. 2021ರ ಒಂದು ವಿಶ್ಲೇಷಣೆಯ ಪ್ರಕಾರ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಯ ಕೊರತೆ ಇದ್ದರೆ, ಭಾರ ಎತ್ತುತ್ತಿದ್ದರೂ ಕೊಬ್ಬುರಹಿತ ತೂಕ ಏರುವುದು ನಿಂತುಹೋಗುತ್ತದೆ. ಸಂಬಳಕ್ಕಿಂತ ಖರ್ಚು ಹೆಚ್ಚಿರುವ ಮನೆಯಲ್ಲಿ ಮಹಡಿ ಏಳುವುದಿಲ್ಲ. ಅದಕ್ಕೆ ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ.

ನಾನೀಗ ಮಾಡುತ್ತಿರುವುದು ಇಷ್ಟೇ: ಕಾಲಿನ ವ್ಯಾಯಾಮದ ದಿನ ಓಡುವುದಿಲ್ಲ, ಓಡಲೇಬೇಕೆನಿಸಿದರೆ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಬಿಡಿಸಿಕೊಳ್ಳುತ್ತೇನೆ. ಒಂದೇ ಹೊತ್ತಿನಲ್ಲಿ ಎರಡನ್ನೂ ಮುಗಿಸಬೇಕಾದರೆ ಭಾರ ಮೊದಲು, ದಮ್ಮು ಆಮೇಲೆ. ಈ ಕ್ರಮದಿಂದ ಗಾತ್ರದಲ್ಲಿ ಗುರುತಿಸುವಂಥ ವ್ಯತ್ಯಾಸ ಬರುವುದಿಲ್ಲ, ಕಾಲಿನ ಬಲಕ್ಕೆ ಮಾತ್ರ ಒಂದಿಷ್ಟು ಲಾಭವಿದೆ. ವಾರದಲ್ಲಿ ಮೂರು ದಿನ ಅರ್ಧ ಗಂಟೆ ಸೈಕಲ್ ತುಳಿಯುತ್ತೇನೆ. ತೊಡೆ ಇದ್ದಷ್ಟೇ ಇದೆ, ಮೂರನೆಯ ಮಹಡಿಯಲ್ಲಿ ಈಗ ನೀರು ಕೇಳುವುದಿಲ್ಲ.

ಹಿಕ್ಸನ್ ಅವರ ಇನ್ನೊಂದು ಪ್ರಯೋಗವೂ ಇದೆ, 1988ರದ್ದು. ಈ ಸಲ ದಮ್ಮಿನ ತರಬೇತಿಯಲ್ಲಿ ಮೊದಲೇ ಪಳಗಿದ್ದ ಎಂಟು ಮಂದಿಗೆ, ಅವರ ಓಟ ಮತ್ತು ಸೈಕಲ್ ಹಾಗೇ ಇರಲಿ ಎಂದು, 10 ವಾರ ವಾರಕ್ಕೆ ಮೂರು ದಿನ ಕಾಲಿನ ಬಲದ ವ್ಯಾಯಾಮ ಸೇರಿಸಿದರು. ತಮ್ಮ ಗರಿಷ್ಠ ಸಾಮರ್ಥ್ಯದ ಶೇ 80ರಲ್ಲಿ ಸೈಕಲ್ ತುಳಿದು ಸುಸ್ತಾಗಿ ನಿಲ್ಲಲು ಅವರಿಗೆ ಮೊದಲು 71 ನಿಮಿಷ ಹಿಡಿಯುತ್ತಿತ್ತು, ಆಮೇಲೆ 85 ನಿಮಿಷ ಹಿಡಿಯಿತು. ಅದೇ ಮನುಷ್ಯನ ಈ ಪ್ರಯೋಗದ ಹೆಸರನ್ನು ಯಾವ ಟ್ರೆಡ್‌ಮಿಲ್ ಪಕ್ಕದಲ್ಲೂ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.