ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಅಭ್ಯರ್ಥಿಗೆ ಮತ ಹಾಕಿದರೆ ಕ್ರೈಸ್ತನಿಗೆ ಪಾಪ ತಗಲುತ್ತದೆಯೇ?

ಪ್ರಶ್ನೆ: ನಾವು ಮಂಗಳೂರು ಕಡೆಯ ಕಥೋಲಿಕರು. ಅಮೆರಿಕದ ಪೌರತ್ವ ಸಿಕ್ಕಿದ ಮೇಲೆ ಮೊದಲ ಬಾರಿಗೆ ಮತ ಹಾಕಬೇಕಾಗಿದೆ. ಗರ್ಭಪಾತದ ಹಕ್ಕಿನ ಪರ ನಿಂತ ಪಕ್ಷಕ್ಕೆ ಮತ ಹಾಕುವುದೇ ಪಾಪ ಎಂದು ಇಲ್ಲಿ ಕೆಲವರು ಹೇಳಿದರೆ, ಅದೊಂದೇ ವಿಷಯ ನೋಡಿ ಮತ ಹಾಕಬಾರದು ಎಂದು ಇನ್ನು ಕೆಲವರು ಹೇಳುತ್ತಾರೆ. ಧರ್ಮಸಭೆ ನಿಜವಾಗಿ ಹೇಳಿರುವುದೇನು?

ಉತ್ತರ: ಮತ ಯಾರಿಗೆ ಬಿತ್ತು ಎಂಬುದರಿಂದಷ್ಟೇ ಇದು ತೀರ್ಮಾನವಾಗುವುದಿಲ್ಲ. ಯಾವ ಕಾರಣಕ್ಕೆ ಬಿತ್ತು, ಆ ಹುದ್ದೆಯಲ್ಲಿ ಕೂತವರ ಕೈಯಲ್ಲಿ ಗರ್ಭಪಾತದ ಕಾನೂನು ಎಷ್ಟರಮಟ್ಟಿಗೆ ಇದೆ ಎಂಬೆರಡನ್ನೂ ನೋಡಬೇಕಾಗುತ್ತದೆ. ಈ ಎರಡನೆಯ ಅಂಶವನ್ನು ಎರಡೂ ಕಡೆಯವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಿಷಯವನ್ನು ರಾಜ್ಯಗಳ ಕೈಗೆ ಬಿಟ್ಟ ಬಳಿಕವಂತೂ ಅದೇ ಮುಖ್ಯವಾಗಿದೆ ಎಂಬುದು ನನ್ನ ಅಭಿಪ್ರಾಯ.

ಊರಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ಹೊಸದು. ಭಾರತದಲ್ಲಿ 1971ರಲ್ಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು, 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಿತು, ಎರಡೂ ಸಲ ಚುನಾವಣಾ ಕಣ ಕಾವೇರಲಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ಜಾಲ ಬಯಲಾದಾಗ ಜನ ಬೆಚ್ಚಿಬಿದ್ದರು ನಿಜ. ಆದರೆ ಅಲ್ಲಿನ ಆಕ್ರೋಶ ಹೆಣ್ಣುಭ್ರೂಣಗಳ ಹತ್ಯೆಯ ಕುರಿತಾಗಿತ್ತೇ ಹೊರತು ಗರ್ಭಪಾತದ ಕಾನೂನು ಇರಬೇಕೇ ಬೇಡವೇ ಎಂಬುದರ ಕುರಿತಾಗಿರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. 1973ರ ಜನವರಿ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ ರೋ ವಿರುದ್ಧ ವೇಡ್ ಪ್ರಕರಣದಲ್ಲಿ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಸಾರಿದ ಮೇಲೆ, ಅದನ್ನು ಬದಲಿಸಬೇಕೆಂದವರಿಗೆ ಉಳಿದದ್ದು ನ್ಯಾಯಮೂರ್ತಿಗಳನ್ನು ನೇಮಿಸುವ ಅಧ್ಯಕ್ಷನನ್ನು ಆರಿಸುವ ದಾರಿ. ಗರ್ಭದೊಳಗಿನ ಜೀವದ ಪ್ರಶ್ನೆ ಮತಗಟ್ಟೆಗೆ ಬಂದದ್ದು ಹೀಗೆ.

ಕಥೋಲಿಕರ ಮಟ್ಟಿಗೆ ಈ ಚರ್ಚೆ ನಿಂತಿರುವುದು 2004ರ ಒಂದು ಪುಟ್ಟ ಟಿಪ್ಪಣಿಯ ಮೇಲೆ. ಆ ವರ್ಷ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಜಾನ್ ಕೆರಿ ಸ್ವತಃ ಕಥೋಲಿಕರು, ಜೊತೆಗೆ ಗರ್ಭಪಾತದ ಹಕ್ಕಿನ ಬೆಂಬಲಿಗರು. ಅವರಿಗೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡುವುದಿಲ್ಲ ಎಂದು ಸೇಂಟ್ ಲೂಯಿಸ್‌ನ ಆರ್ಚ್‌ಬಿಷಪ್ ರೇಮಂಡ್ ಬರ್ಕ್ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಆಗ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಮಂಡಳಿಯ ಮುಖ್ಯಸ್ಥರಾಗಿದ್ದ, ಮರುವರ್ಷ ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರು ಅಮೆರಿಕದ ಬಿಷಪರಿಗೆ ಆರು ಅಂಶಗಳ ಪತ್ರವೊಂದನ್ನು ಕಳುಹಿಸಿದರು. ಅದರ ಮೂರನೆಯ ಅಂಶ ಎಲ್ಲ ನೈತಿಕ ವಿಷಯಗಳಿಗೂ ಒಂದೇ ತೂಕವಿಲ್ಲ ಎನ್ನುತ್ತದೆ: ಯುದ್ಧ ಹೂಡುವುದರ ಬಗ್ಗೆ, ಮರಣದಂಡನೆಯ ಬಗ್ಗೆ ಕಥೋಲಿಕರಲ್ಲಿ ಭಿನ್ನಾಭಿಪ್ರಾಯ ಇರಬಹುದು, ಗರ್ಭಪಾತ ಮತ್ತು ದಯಾಮರಣದ ಬಗ್ಗೆ ಇರುವಂತಿಲ್ಲ. ಪಾಪ ಎನ್ನುವವರು ತೋರಿಸುವುದು ಈ ಸಾಲನ್ನು.

ಆದರೆ ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಆರೂ ಅಂಶಗಳಾದ ಮೇಲೆ ಕೆಳಗೊಂದು ಅಡಿಟಿಪ್ಪಣಿ ಇದೆ. ಅಭ್ಯರ್ಥಿಯೊಬ್ಬ ಗರ್ಭಪಾತದ ಪರ ಇದ್ದಾನೆ ಎಂಬ ಕಾರಣಕ್ಕಾಗಿಯೇ ಅವನಿಗೆ ಮತ ಹಾಕುವ ಕಥೋಲಿಕ ಆ ಕೆಡುಕಿನಲ್ಲಿ ಮನಃಪೂರ್ವಕವಾಗಿ ಪಾಲುಗೊಂಡಂತೆ. ಅದನ್ನು ಒಪ್ಪದೆ ಬೇರೆ ಕಾರಣಗಳಿಗಾಗಿ ಅವನಿಗೆ ಮತ ಹಾಕಿದರೆ ಅದು ದೂರದ ಸಹಕಾರ ಮಾತ್ರ, ತಕ್ಕಷ್ಟು ತೂಕದ ಕಾರಣಗಳಿದ್ದಲ್ಲಿ ಅದಕ್ಕೆ ಅವಕಾಶವುಂಟು ಎಂಬುದು ಅದರ ಸಾರ. ಅದೊಂದೇ ವಿಷಯ ನೋಡಬಾರದು ಎನ್ನುವವರು ತೋರಿಸುವುದು ಇದನ್ನು. ಒಂದೇ ಪತ್ರವನ್ನು ಇಬ್ಬರೂ ಅರ್ಧರ್ಧ ಓದುತ್ತಾರೆ.

ಇದು ಧರ್ಮಶಾಸ್ತ್ರದ ಹಳೆಯ ಭೇದ, ನಮ್ಮ ಬಳಕೆಯ ಮಾತಿನಲ್ಲಿ ಹೇಳುವುದು ಕಷ್ಟವೇನಲ್ಲ. ಕಳ್ಳತನವೆಂದು ತಿಳಿದೇ, ಅದು ನಡೆಯಲಿ ಎಂದೇ ಏಣಿ ಹಿಡಿದು ನಿಂತವನು ಕಳ್ಳನಷ್ಟೇ ತಪ್ಪಿತಸ್ಥ. ಏಣಿ ಮಾರಿದ ಅಂಗಡಿಯವನು ಹಾಗಲ್ಲ. ಆದರೆ ಕೊಳ್ಳಲು ಬಂದವನ ಚಾಳಿ ಅಂಗಡಿಯವನಿಗೆ ಚೆನ್ನಾಗಿ ಗೊತ್ತಿದ್ದರೆ? ಆಗ ಏಣಿ ಮಾರುವುದಕ್ಕೆ ಗಟ್ಟಿಯಾದ ಕಾರಣವೊಂದು ಬೇಕಾಗುತ್ತದೆ. ಮತದಾರ ನಿಂತಿರುವುದು ಈ ಮೂರನೆಯ ಸ್ಥಾನದಲ್ಲಿ.

ಹಾಗಾದರೆ ತಕ್ಕಷ್ಟು ತೂಕದ ಕಾರಣ ಎಂದರೇನು? ಅಮೆರಿಕದ ಬಿಷಪರಲ್ಲೇ ಇದಕ್ಕೆ ಒಮ್ಮತವಿಲ್ಲ. 1983ರ ಡಿಸೆಂಬರಿನಲ್ಲಿ ಷಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ, ಗರ್ಭಪಾತ, ಅಣುಯುದ್ಧ, ಮರಣದಂಡನೆಯಂಥ ಜೀವಪ್ರಶ್ನೆಗಳೆಲ್ಲ ಒಂದೇ ಬಟ್ಟೆಯ ಎಳೆಗಳು ಎಂಬ ವಾದವನ್ನು ಮುಂದಿಟ್ಟರು. ಎಲ್ಲವೂ ಸಮಾನ ಎಂದು ಅವರು ಹೇಳಿರಲಿಲ್ಲ. ಆದರೆ ಕೇಳಿಸಿಕೊಂಡವರಲ್ಲಿ ಹಲವರು ಹಾಗೆಂದೇ ಅರ್ಥಮಾಡಿಕೊಂಡರು. ಇನ್ನೊಂದು ಕಡೆ, ಗರ್ಭಪಾತದಿಂದ ಅಳಿಯುವ ಜೀವಗಳ ಸಂಖ್ಯೆಯ ಎದುರು ತೆರಿಗೆ, ಆರೋಗ್ಯವಿಮೆ, ವಲಸೆ ನೀತಿ ಯಾವುದೂ ತೂಗಲಾರದು ಎಂಬ ವಾದ ನಿಂತಿತು. 2019ರಲ್ಲಿ ಬಿಷಪರ ಸಮ್ಮೇಳನ ತನ್ನ ಮತದಾರರ ಮಾರ್ಗದರ್ಶಿಗೆ ಬರೆದ ಮುನ್ನುಡಿಯಲ್ಲಿ ಗರ್ಭಪಾತದ ಅಪಾಯವನ್ನು ತಮ್ಮ ಅಗ್ರ ಆದ್ಯತೆ ಎಂದು ಕರೆಯಿತು. ಅದೇ ಮಾರ್ಗದರ್ಶಿ, ಕಥೋಲಿಕರು ಒಂದೇ ವಿಷಯದ ಮತದಾರರಲ್ಲ ಎಂದೂ ಹೇಳುತ್ತದೆ.

ಪ್ರಾಟೆಸ್ಟಂಟರಿಗೆ ಇಂಥ ಪತ್ರ ಬರೆಯುವ ಪೀಠವಿಲ್ಲ. ಅವರ ಚರಿತ್ರೆಯೂ ಬೇರೆ. ಇಂದು ಗರ್ಭಪಾತ ವಿರೋಧದ ಮುಂಚೂಣಿಯಲ್ಲಿರುವ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, 1971ರಲ್ಲಿ, ಅಂದರೆ ನಮ್ಮ ಕಾಯ್ದೆ ಬಂದ ವರ್ಷದಲ್ಲೇ, ಅತ್ಯಾಚಾರ, ರಕ್ತಸಂಬಂಧಿಗಳಿಂದಾದ ಬಸಿರು, ಭ್ರೂಣದ ತೀವ್ರ ವೈಕಲ್ಯ ಮತ್ತು ತಾಯಿಯ ಮಾನಸಿಕ, ದೈಹಿಕ ಆರೋಗ್ಯಕ್ಕೆ ಹಾನಿಯಾಗುವ ಸಂಭವ ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗಾಗಿ ದುಡಿಯುವಂತೆ ತನ್ನ ಸದಸ್ಯರಿಗೆ ನಿರ್ಣಯದ ಮೂಲಕ ಕರೆಕೊಟ್ಟಿತ್ತು. 1980ರ ಹೊತ್ತಿಗೆ ಅದರ ದನಿ ಪೂರಾ ಬದಲಾಗಿತ್ತು. 2003ರಲ್ಲಿ ಹಿಂದಿನ ನಿಲುವಿಗೆ ವಿಷಾದವನ್ನೂ ಸೂಚಿಸಿತು. 139ನೆಯ ಕೀರ್ತನೆ ತಾಯಿಯ ಗರ್ಭದಲ್ಲಿ ದೇವರೇ ನನ್ನನ್ನು ರೂಪಿಸಿದ ಎನ್ನುವುದು 1971ರಲ್ಲೂ ಅದೇ ಬೈಬಲ್ಲಿನಲ್ಲಿತ್ತು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ತಡವಾಗಿ ಕಂಡದ್ದೆಲ್ಲ ಸುಳ್ಳಾಗಬೇಕಿಲ್ಲ. ಆದರೆ ಕ್ರೈಸ್ತ ಮತದಾರರು ಎಂದಿನಿಂದಲೂ ಹೀಗೆಯೇ ಯೋಚಿಸಿದ್ದಾರೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಕರಿಯ ಪ್ರಾಟೆಸ್ಟಂಟರನ್ನಂತೂ ಈ ಲೆಕ್ಕದಲ್ಲಿ ಸೇರಿಸುವುದನ್ನೇ ಹಲವರು ಮರೆಯುತ್ತಾರೆ. ಗರ್ಭಪಾತವನ್ನು ತಪ್ಪೆಂದು ಬೋಧಿಸುವ ಚರ್ಚುಗಳಲ್ಲೂ ನಾಗರಿಕ ಹಕ್ಕು ಮತ್ತು ಬಡತನದ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಡೆಮಾಕ್ರಟರಿಗೆ ಮತ ಹಾಕುವ ರೂಢಿ ಅವರಲ್ಲಿ ದೀರ್ಘಕಾಲದಿಂದ ಇದೆ.

ಡೆಮಾಕ್ರಟರು ಗರ್ಭಪಾತದ ಹಕ್ಕಿನ ಪರ, ರಿಪಬ್ಲಿಕನ್ನರು ವಿರುದ್ಧ ಎಂದು ಪಕ್ಷಗಳು ಎರಡು ಕಡೆ ಸರಿದಿರುವುದು ಮತದಾರನ ಕಷ್ಟವನ್ನು ಹೆಚ್ಚಿಸಿತು. ಪೆನ್ಸಿಲ್ವೇನಿಯಾದ ರಾಜ್ಯಪಾಲರಾಗಿದ್ದ ರಾಬರ್ಟ್ ಕೇಸಿ ಡೆಮಾಕ್ರಟ್, ಕಥೋಲಿಕ, ಗರ್ಭಪಾತದ ಕಡು ವಿರೋಧಿ. (ಅಲ್ಲಿ ರಾಜ್ಯಪಾಲ ಎಂದರೆ ಜನರೇ ಆರಿಸಿದ, ನಮ್ಮ ಮುಖ್ಯಮಂತ್ರಿಯ ಅಧಿಕಾರವುಳ್ಳ ವ್ಯಕ್ತಿ.) 1992ರ ಪಕ್ಷದ ಮಹಾ ಅಧಿವೇಶನದಲ್ಲಿ ಅವರಿಗೆ ಮಾತನಾಡಲು ಅವಕಾಶ ಸಿಗಲಿಲ್ಲ. ಅಂಥವರು ಆ ಪಕ್ಷದಲ್ಲಿ ಈಗ ಬೆರಳೆಣಿಕೆಯಷ್ಟು.

ಇನ್ನು ನಾನು ಮೊದಲೇ ಹೇಳಿದ ಎರಡನೆಯ ಅಂಶ. ರೋ ತೀರ್ಪು ಜಾರಿಯಲ್ಲಿದ್ದಾಗ ಸಾಮಾನ್ಯ ಮತದಾರನಿಗೂ ಗರ್ಭಪಾತದ ಕಾನೂನಿಗೂ ನಡುವೆ ಬಹಳ ದೂರವಿತ್ತು: ಅಧ್ಯಕ್ಷ ಗೆಲ್ಲಬೇಕು, ನ್ಯಾಯಮೂರ್ತಿಯ ಸ್ಥಾನ ತೆರವಾಗಬೇಕು, ಸೆನೆಟ್ ಒಪ್ಪಬೇಕು, ಸರಿಯಾದ ಮೊಕದ್ದಮೆ ಬರಬೇಕು. ಇಷ್ಟು ದೂರದ ಪ್ರಭಾವಕ್ಕಾಗಿ ಕಣ್ಣೆದುರಿನ ಉಳಿದದ್ದನ್ನೆಲ್ಲ ಬಿಡುವುದೇ ಎಂಬ ವಾದಕ್ಕೆ ಆಗ ಬಲವಿತ್ತು. ಆದರೆ ಆ ಸರಪಳಿ ಕೊನೆಗೂ ಕೆಲಸ ಮಾಡಿತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. 2016ರಲ್ಲಿ ಡೊನಾಲ್ಡ್ ಟ್ರಂಪ್ ತಾವು ನೇಮಿಸಬಹುದಾದ ನ್ಯಾಯಮೂರ್ತಿಗಳ ಪಟ್ಟಿಯನ್ನೇ ಪ್ರಕಟಿಸಿದರು, ಗೆದ್ದ ಮೇಲೆ ಮೂವರನ್ನು ನೇಮಿಸಿದರು, ಆ ಮೂವರೂ 2022ರ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ ರೋ ತೀರ್ಪನ್ನು ರದ್ದುಮಾಡಿದ ಬಹುಮತದಲ್ಲಿದ್ದರು.

ಅಂದಿನಿಂದ ವಿಷಯ ರಾಜ್ಯಗಳ ಕೈಗೆ ಬಂದಿದೆ. ಕ್ಯಾನ್ಸಸ್‌ನಲ್ಲಿ 2022ರ ಆಗಸ್ಟ್ 2ರಂದು, ರಾಜ್ಯ ಸಂವಿಧಾನದಲ್ಲಿ ಗರ್ಭಪಾತಕ್ಕೆ ರಕ್ಷಣೆ ಇಲ್ಲವೆಂದು ಸಾರುವ ತಿದ್ದುಪಡಿಯನ್ನು ಜನರ ಮುಂದಿಟ್ಟರು, ಶೇ. 59ರಷ್ಟು ಮಂದಿ ಬೇಡವೆಂದರು, ಅದೂ ರಿಪಬ್ಲಿಕನ್ನರ ಭದ್ರ ನೆಲದಲ್ಲಿ. ಓಹಾಯೊ 2023ರಲ್ಲಿ ಈ ಹಕ್ಕನ್ನು ತನ್ನ ಸಂವಿಧಾನಕ್ಕೇ ಸೇರಿಸಿಕೊಂಡಿತು. ಫ್ಲಾರಿಡಾದಲ್ಲಿ 2024ರಲ್ಲಿ ಇಂಥದೇ ತಿದ್ದುಪಡಿಗೆ ಶೇ. 57ರಷ್ಟು ಮಂದಿ ಹೌದೆಂದರೂ ಅಲ್ಲಿ ಶೇ. 60 ಬೇಕಿದ್ದುದರಿಂದ ಅದು ಬಿದ್ದುಹೋಯಿತು. ಇಂಥ ಮತಪತ್ರದ ಮುಂದೆ ದೂರದ ಸಹಕಾರ ಎಂಬ ಸಮಾಧಾನ ಅಷ್ಟು ಸುಲಭವಾಗಿ ಒದಗುವುದಿಲ್ಲ. ಅಲ್ಲಿ ವ್ಯಕ್ತಿಯಿಲ್ಲ, ಅವನ ಇತರ ಗುಣದೋಷಗಳಿಲ್ಲ, ಇರುವುದು ಕಾನೂನಿನ ಒಂದು ವಾಕ್ಯ. ಹಾಗೆಂದು ಅಲ್ಲಿಯೂ ವಿವೇಚನೆ ಮುಗಿಯುವುದಿಲ್ಲ: ಪೂರ್ತಿ ನಿಷೇಧ ಸಾಧ್ಯವಿಲ್ಲದಿದ್ದಾಗ ಹಾನಿಯನ್ನು ತಗ್ಗಿಸುವ ಅಪೂರ್ಣ ಕಾನೂನಿಗೆ ಶಾಸಕನೊಬ್ಬ ಬೆಂಬಲ ಕೊಡಬಹುದೆಂದು ಪೋಪ್ ಎರಡನೆಯ ಜಾನ್ ಪಾಲ್ ತಮ್ಮ 1995ರ ವಿಶ್ವಪತ್ರದಲ್ಲಿ ಬರೆದಿದ್ದಾರೆ, ಮತದಾರನಿಗೂ ಆ ತರ್ಕ ಹೊಂದುತ್ತದೆ. ಅಧ್ಯಕ್ಷೀಯ ಮತದ ಲೆಕ್ಕವೂ ಬದಲಾಯಿತು. 2024ರಲ್ಲಿ ಟ್ರಂಪ್ ಇದು ರಾಜ್ಯಗಳ ವಿಷಯ ಎಂದರು, ರಿಪಬ್ಲಿಕನ್ ಪ್ರಣಾಳಿಕೆಯಿಂದ ರಾಷ್ಟ್ರವ್ಯಾಪಿ ನಿಷೇಧದ ಕರೆ ಮಾಯವಾಯಿತು.

ಆ ಸೆಪ್ಟೆಂಬರಿನಲ್ಲಿ ಸಿಂಗಪುರದಿಂದ ಮರಳುವ ವಿಮಾನದಲ್ಲಿ ಪತ್ರಕರ್ತರು ಪೋಪ್ ಫ್ರಾನ್ಸಿಸ್ ಅವರನ್ನು ನಿಮ್ಮ ಪ್ರಶ್ನೆಯನ್ನೇ ಕೇಳಿದರು. ವಲಸಿಗರನ್ನು ಹೊರದಬ್ಬುವವರೂ ಶಿಶುಗಳನ್ನು ಕೊಲ್ಲುವುದನ್ನು ಬೆಂಬಲಿಸುವವರೂ ಇಬ್ಬರೂ ಜೀವದ ವಿರುದ್ಧವೇ ಇದ್ದಾರೆ, ಎರಡು ಕೆಡುಕುಗಳಲ್ಲಿ ಕಡಿಮೆಯದನ್ನು ಆರಿಸಿಕೊಳ್ಳಬೇಕು, ಅದು ಆ ಮಹಿಳೆಯೋ (ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್) ಈ ಪುರುಷನೋ (ಟ್ರಂಪ್) ನನಗೆ ತಿಳಿಯದು, ಪ್ರತಿಯೊಬ್ಬರೂ ತಮ್ಮ ಮನಸ್ಸಾಕ್ಷಿಯಲ್ಲಿ ಯೋಚಿಸಲಿ ಎಂದರು. ಮತ ಹಾಕದೆ ಇರುವುದು ಸರಿಯಲ್ಲ ಎಂದೂ ಸೇರಿಸಿದರು. ಬಿಷಪರ ಮಾರ್ಗದರ್ಶಿಯಾದರೋ, ಅಭ್ಯರ್ಥಿಗಳೆಲ್ಲ ಘೋರ ಕೆಡುಕನ್ನು ಬೆಂಬಲಿಸುವಾಗ ಯಾರಿಗೂ ಮತ ಹಾಕದಿರುವ ಅಸಾಧಾರಣ ಹೆಜ್ಜೆಗೆ ಎಡೆಕೊಡುತ್ತದೆ.

ನೀವು ಮತಗಟ್ಟೆಗೆ ಹೋದಾಗ ಕೈಗೆ ಬರುವ ಹಾಳೆಯಲ್ಲಿ ಈ ಎರಡು ಬಗೆಯ ಪ್ರಶ್ನೆಗಳೂ ಒಟ್ಟಿಗೇ ಇರಬಹುದು. ಮಿಸೌರಿಯಲ್ಲಿ 2024ರ ನವೆಂಬರಿನಲ್ಲಿ ಹಾಗೆಯೇ ಆಯಿತು: ಟ್ರಂಪ್ ಶೇ. 58ಕ್ಕೂ ಹೆಚ್ಚು ಮತ ಪಡೆದರು, ಅದೇ ಮತಪತ್ರದಲ್ಲಿ ಗರ್ಭಪಾತದ ಹಕ್ಕನ್ನು ಕಾಪಾಡುವ, ‘ತಿದ್ದುಪಡಿ 3’ ಎಂಬ ರಾಜ್ಯ ಸಂವಿಧಾನದ ತಿದ್ದುಪಡಿಯೂ ಅಲ್ಪ ಬಹುಮತದಿಂದ ಗೆದ್ದಿತು. ಎರಡಕ್ಕೂ ಗುರುತು ಹಾಕಿದವರು ಸಾವಿರಾರು ಮಂದಿ ಇರಲೇಬೇಕು, ಅವರಲ್ಲಿ ಭಾನುವಾರ ಚರ್ಚಿಗೆ ಹೋಗುವವರೂ ಇದ್ದಿರಬೇಕು. ಆ ತಿದ್ದುಪಡಿಯನ್ನು ತೆಗೆದುಹಾಕುವ ಪ್ರಸ್ತಾಪವನ್ನು 2026ರಲ್ಲಿ ಮತ್ತೆ ಜನರ ಮುಂದಿಡಲು ಅಲ್ಲಿನ ಶಾಸನಸಭೆ 2025ರಲ್ಲಿ ನಿರ್ಧರಿಸಿತು.